ಹುರಿದ ಬೀಜದ ಮೊಳಕೆ

ಮೊಳಕೆ ಟೀಚರ್ ಮನೆ ಎಲ್ಲಿ ಎಂದರೆ ಆ ಬೀದಿಯಲ್ಲಿ ಈಗಲೂ ಯಾರಾದರೂ ಕೈ ತೋರಿಸುತ್ತಾರೆ. ಅವರು ನಿವೃತ್ತರಾಗಿ ಒಂಬತ್ತು ವರ್ಷವಾಯಿತು. ಎರಡನೇ ತರಗತಿಗೆ ಮೂವತ್ತೊಂದು ವರ್ಷ ವಿಜ್ಞಾನ ಹೇಳಿಕೊಟ್ಟವರು. ಯಾವುದು ತೇಲುತ್ತದೆ, ಯಾವುದು ಮುಳುಗುತ್ತದೆ. ನೆರಳು ಬೆಳಿಗ್ಗೆ ಯಾಕೆ ಉದ್ದ, ಮಧ್ಯಾಹ್ನ ಯಾಕೆ ಗಿಡ್ಡ. ಯಾವುದಕ್ಕೆ ಜೀವ ಇದೆ, ಯಾವುದಕ್ಕಿಲ್ಲ. ಇಷ್ಟರಲ್ಲಿ ಮಕ್ಕಳ ನೆನಪಿನಲ್ಲಿ ನಿಂತದ್ದು ಮೊಳಕೆ ಪಾಠ. ಹೆಸರು ಅಲ್ಲಿಂದಲೇ ಅಂಟಿತು.

ಪ್ರತಿ ಮಗು ಮನೆಯಿಂದ ಒಂದು ಬೀಜ ತರಬೇಕು. ಕಾಗದದ ಲೋಟದಲ್ಲಿ ಒದ್ದೆ ಹತ್ತಿ, ಹತ್ತಿಯ ಮೇಲೆ ಬೀಜ, ಲೋಟದ ಹೊರಗೆ ಹೆಸರು. ಕಿಟಕಿಯ ಉದ್ದಕ್ಕೂ ಲೋಟಗಳ ಸಾಲು. ನಾಲ್ಕನೇ ದಿನ ಬೆಳಿಗ್ಗೆ ಮಕ್ಕಳು ಬೆನ್ನಿನ ಚೀಲವನ್ನೂ ಇಳಿಸದೆ ಕಿಟಕಿಗೆ ಮುತ್ತುತ್ತಿದ್ದರು.

ಮೊದಲ ವರ್ಷವೊಂದನ್ನು ಬಿಟ್ಟರೆ ಯಾರ ಬೀಜವೂ ಕೈಕೊಟ್ಟಿರಲಿಲ್ಲ. ಆ ವರ್ಷ ಮೊಳೆಯದ ಕಾಳನ್ನು ಹಿಡಿದುಕೊಂಡು ಒಂದು ಮಗು ಬಿಕ್ಕಿ ಬಿಕ್ಕಿ ಅತ್ತಿತ್ತು. ಮರುವರ್ಷದಿಂದ ಟೀಚರ್ ತಮ್ಮ ಅಡುಗೆಮನೆಯಲ್ಲೇ ಬಗೆಬಗೆಯ ಕಾಳು ನೆನೆಹಾಕತೊಡಗಿದರು. ಮೂರನೇ ದಿನ ಸಂಜೆ ಮಕ್ಕಳೆಲ್ಲ ಹೋದ ಮೇಲೆ ಸುಮ್ಮನೆ ಬಿದ್ದಿದ್ದ ಬೀಜ ತೆಗೆದು, ಮೊಳೆತದ್ದನ್ನು ಇಟ್ಟುಬಿಡುತ್ತಿದ್ದರು. ಗುಟ್ಟು ಗೊತ್ತಿದ್ದದ್ದು ಜೊತೆಗಿದ್ದ ತಂಗಿಗೆ ಮಾತ್ರ.

“ಅಕ್ಕ, ನೀನು ವಿಜ್ಞಾನ ಹೇಳಿಕೊಡ್ತೀಯೋ, ಕಣ್ಕಟ್ಟು ಮಾಡ್ತೀಯೋ?” ಎಂದು ಅವಳು ಛೇಡಿಸುತ್ತಿದ್ದಳು.

“ಏಳು ವರ್ಷದ ಮಕ್ಕಳು ಕಣೇ. ಸೋಲೋದಕ್ಕೆ ಮುಂದೆ ಬೇಕಾದಷ್ಟು ಟೈಮಿದೆ.”

ಕೊನೆಯ ವರ್ಷ, ಮೊಳಕೆ ಬಂದ ಮಾರನೆಯ ದಿನ, ತರಗತಿಯ ಬಾಗಿಲಲ್ಲಿ ಒಬ್ಬರು ಬಂದು ನಿಂತರು. ಬಸ್ ನಿಲ್ದಾಣದ ಎದುರು ಗಾಡಿಯಲ್ಲಿ ಕಡಲೆಕಾಯಿ ಹುರಿದು ಮಾರುವವರು. ಮುಂದಿನ ಬೆಂಚಿನ ಹುಡುಗಿಯ ತಂದೆ. ಮುಂಗೈ ತುಂಬ ಬಿಸಿ ಮರಳು ಸಿಡಿದ ಕಪ್ಪು ಚುಕ್ಕೆಗಳು.

“ಟೀಚರ್, ನಮ್ಮ ಕಡಲೆಬೀಜ ಮೊಳೆತಿದೆಯಂತೆ.”

“ಹೌದು, ಚೆನ್ನಾಗಿ ಬಂದಿದೆ.”

“ಅದು ಹುರಿದದ್ದು.”

ಟೀಚರ್ ತಿರುಗಿ ಕಿಟಕಿಯಲ್ಲಿದ್ದ ಆ ಲೋಟದ ಕಡೆ ನೋಡಿದರು.

“ಇವಳು ಗಾಡಿಯಿಂದಲೇ ಎತ್ತಿಕೊಂಡು ಬಂದಿದ್ದಾಳೆ. ಹುರಿದದ್ದು ಮೊಳೆಯಲ್ಲಮ್ಮ ಅಂದೆ. ನಮ್ಮ ಟೀಚರ್ ಲೋಟದಲ್ಲಿ ಮೊಳೆತಿದೆ, ನಿನಗೇನು ಗೊತ್ತು ಅಂತಾಳೆ. ನಿನ್ನೆ ಸಂಜೆ ಗಾಡಿ ಪಕ್ಕ ನಿಂತು ಬಂದವರಿಗೆಲ್ಲ ಇದೇ ಸುದ್ದಿ. ಏನಪ್ಪಾ, ಹಸೀದನ್ನೇ ಪೊಟ್ಟಣ ಕಟ್ಟಿ ಕೊಡ್ತೀಯಾ ಅಂತ ಅವರು ನಗ್ತಾರೆ. ಇಪ್ಪತ್ತು ವರ್ಷದಿಂದ ಬಾಣಲೆ ಮುಂದೆ ನಿಂತಿದ್ದೀನಿ. ನನಗೆ ಹುರಿಯೋಕೆ ಬರಲ್ವಾ, ನೀವೇ ಹೇಳಿ.”

ದನಿಯಲ್ಲಿ ಕೋಪವಿರಲಿಲ್ಲ. ಟೀಚರ್‌ಗೆ ಅದೇ ಕಷ್ಟವಾಯಿತು. ಮೂರು ದಿನ ನೆನೆದ ಮೇಲೆ ಹುರಿದ ಬೀಜವೂ ಹಸಿ ಬೀಜದ ಹಾಗೆಯೇ ಉಬ್ಬಿ ಕಂಡಿತ್ತು. ಅವರು ಯೋಚಿಸದೆ ಬದಲಾಯಿಸಿದ್ದರು. ಎಲ್ಲೋ ಒಂದು ಸರಿಯಾಗಿ ಹುರಿದಿರಲಿಕ್ಕಿಲ್ಲ ಎಂದುಬಿಟ್ಟರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಆಗ ತಪ್ಪು ಆ ಬಾಣಲೆಯ ಮೇಲೆ ಹೋಗುತ್ತಿತ್ತು.

“ಒಳಗೆ ಬನ್ನಿ” ಎಂದರು. ಅವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಮಕ್ಕಳಿಗೆ ಹೇಳಿದರು: “ಇವರು ಸರಿಯಾಗೇ ಹುರಿದಿದ್ದಾರೆ. ಹುರಿದ ಬೀಜ ಮೊಳೆಯಲ್ಲ. ಸಂಜೆ ನಾನೇ ಬದಲಾಯಿಸಿ ಇಟ್ಟೆ.”

ಹುಡುಗಿ ಎದ್ದು ನಿಂತಳು.

“ಹಾಗಾದ್ರೆ ನನ್ನ ಬೀಜ ಎಲ್ಲಿ ಟೀಚರ್?”

“ಬಿಸಾಕಿದೆ ಪುಟ್ಟಿ.”

“ಅದು ನಂದು.”

ಮೂವತ್ತು ವರ್ಷದಲ್ಲಿ ಆ ಬಿಸಾಕಿದ ಬೀಜಗಳು ಯಾರದೋ ಆಗಿದ್ದವೆಂದು ಟೀಚರ್‌ಗೆ ಹೊಳೆದೇ ಇರಲಿಲ್ಲ. ತಂದೆಯೇ ಜೇಬಿಗೆ ಕೈಹಾಕಿ ಒಂದು ಕಡಲೆಕಾಯಿ ತೆಗೆದು, ಸುಲಿದು, ಮಗಳ ಅಂಗೈಯಲ್ಲಿಟ್ಟರು. “ತಗೋ. ಈ ಸಲ ನಿಮ್ಮ ಟೀಚರ್ ಮುಟ್ಟಲ್ಲ.” ಮಕ್ಕಳು ಗೊಳ್ಳೆಂದು ನಕ್ಕರು. ಟೀಚರೂ ನಕ್ಕರು, ಕಿವಿ ಕೆಂಪಾಗಿತ್ತು.

ಹುಡುಗಿ ಆ ಹುರಿದ ಬೀಜವನ್ನು ತನ್ನ ಲೋಟದಲ್ಲಿಟ್ಟು, ನೋಟ್‌ಬುಕ್ಕಿನಲ್ಲಿ ದಿನಕ್ಕೊಂದು ಸಾಲು ಬರೆದಳು. ‘ಇವತ್ತೂ ಇಲ್ಲ.’ ಮರುದಿನ ಮತ್ತೆ, ‘ಇವತ್ತೂ ಇಲ್ಲ.’ ಹೀಗೆ ಎಂಟು ಸಲ. ಅಳಲಿಲ್ಲ. ಒಂಬತ್ತನೇ ದಿನ ಲೋಟ ಎತ್ತಿಕೊಂಡು ಮೇಜಿನ ಹತ್ತಿರ ಬಂದಳು.

“ಟೀಚರ್, ಬೂಷ್ಟು ಬಂದಿದೆ. ನಿನ್ನೆ ಇಷ್ಟೇ ಇತ್ತು, ಇವತ್ತು ಇಷ್ಟಾಗಿದೆ. ಇದಕ್ಕೆ ಜೀವ ಇದೆಯಾ?”

ಗೋಡೆಯ ಮೇಲೆ ಟೀಚರ್ ಕೈಯಾರೆ ಬರೆದ ಪಟವಿತ್ತು. ಒಂದು ಕಡೆ ಗಿಡ, ನಾಯಿ, ಇರುವೆ. ಇನ್ನೊಂದು ಕಡೆ ಕಲ್ಲು, ಕುರ್ಚಿ, ಚಮಚ. ಬೂಷ್ಟು ಎರಡೂ ಕಡೆ ಇರಲಿಲ್ಲ.

“ನಿನಗೇನನ್ನಿಸುತ್ತೆ?”

“ಬೆಳೀತಿದೆಯಲ್ಲ.”

“ಹಾಗಾದ್ರೆ ನೀನೇ ಬರಿ” ಎಂದು ಪೆನ್ಸಿಲ್ ಕೊಟ್ಟು ಕುರ್ಚಿ ಎಳೆದು ಹಾಕಿದರು. ಹುಡುಗಿ ಕುರ್ಚಿ ಹತ್ತಿ, ಇರುವೆಯ ಕೆಳಗೆ ಸೊಟ್ಟ ಅಕ್ಷರದಲ್ಲಿ ‘ಬೂಷ್ಟು’ ಎಂದು ಬರೆದಳು.

ಶಾಲೆ ಬಿಡುವ ದಿನ ಟೀಚರ್ ಮನೆಗೆ ತಂದದ್ದು ಆ ಪಟವೊಂದನ್ನೇ. ಈಗ ಅದು ಅಡುಗೆಮನೆಯಲ್ಲಿದೆ, ಕಾಳು ನೆನೆಹಾಕುತ್ತಿದ್ದ ಕಟ್ಟೆಯ ಮೇಲಿನ ಗೋಡೆಯಲ್ಲಿ. ಬಣ್ಣ ಮಾಸಿದೆ. ಪೆನ್ಸಿಲ್ ಅಕ್ಷರ ಓದಬೇಕಾದರೆ ಕನ್ನಡಕ ಬೇಕು.

“ಅಡುಗೆಮನೇಲಿ ಯಾರಾದ್ರೂ ಬೂಷ್ಟು ಅಂತ ಬರೆದು ನೇತುಹಾಕ್ತಾರಾ ಅಕ್ಕ?” ಎಂದು ತಂಗಿ ಗೊಣಗುತ್ತಾಳೆ. ಆದರೆ ಧೂಳು ಒರೆಸುವಾಗ ಆ ಒಂದು ಪದ ಅಳಿಸದ ಹಾಗೆ ಬಟ್ಟೆಯನ್ನು ಸುತ್ತ ಸರಿಸಿ ಒರೆಸುತ್ತಾಳೆ.