ಹರಗೋಲಿನಿಂದ ಯಾರನ್ನು ದೂಡಬೇಕು?

ಯೋಚನಾ ಪ್ರಯೋಗ ಅಂದರೆ ಆಡು ತಂದು ಕಟ್ಟಿ ನೋಡುವುದೆಂದೇ ವಿಶ್ವರಾಧ್ಯ ತಿಳಿದಿದ್ದ. ಶಹಾಪುರ, ಯಾದಗಿರಿ ಕಡೆಯ ಓದಿದ ಹುಡುಗರು ಮೊಬೈಲಿನಲ್ಲಿ ನಡೆಸುತ್ತಿದ್ದ ‘ವಿಚಾರಕಟ್ಟೆ’ ಎಂಬ ಗ್ರೂಪಿನಲ್ಲಿ ಯಾರೋ ಕೇಳಿದ್ದರು: ಹಸಿದ ಪ್ರಾಣಿಯ ಎಡಕ್ಕೂ ಬಲಕ್ಕೂ ಸಮಸಮ ಮೇವಿಟ್ಟರೆ, ಯಾವುದನ್ನು ತಿನ್ನಬೇಕೆಂದು ತಿಳಿಯದೆ ಅದು ಸತ್ತೇಹೋಗುತ್ತದೆಯೇ? ಸುರಪುರದ ಬೀಜ-ಗೊಬ್ಬರದ ಅಂಗಡಿಯಲ್ಲಿ ಪಗಾರಕ್ಕಿದ್ದ ವಿಶ್ವರಾಧ್ಯ ರಜೆ ಹಾಕಿ, ಓಣಿಯ ಲಾಡ್ಲೇಸಾಬನ ಆಡನ್ನು ಬೇಡಿ ತಂದು, ಎರಡೂ ಬದಿಗೆ ತೊಗರಿ ಹೊಟ್ಟು ತೂಗಿಟ್ಟು, ಎದುರಿಗೆ ಕುಕ್ಕರಗಾಲಿನಲ್ಲಿ ಕುಳಿತ. ಆಡು ಎಡದ್ದನ್ನು ತಿಂದಿತು, ಬಲದ್ದನ್ನೂ ತಿಂದಿತು, ಆಮೇಲೆ ಇವನ ಟವೆಲಿನ ಚುಂಗಿಗೆ ಬಾಯಿ ಹಾಕಿತು.

“ಏ ಹುಚ್ಚಪ್ಪಾ,” ಎಂದ ಲಾಡ್ಲೇಸಾಬ, “ಕುಂತು ವಿಚಾರ ಮಾಡಾಕ ಅದೇನು ಕಮಿಟೀನೇನೋ? ಹಸಿವಾದ್ರ ತಿಂತದ.”

ಲಾಡ್ಲೇಸಾಬನ ಹೊಟ್ಟೆ ತುಂಬುತ್ತಿದ್ದುದು ಆಡುಗಳಿಂದ; ಹೆಸರಿದ್ದುದು ಸಾವುಗಳಿಂದ. ಓಣಿಯಲ್ಲಿ ಮಣ್ಣಿನ ಕಮಿಟಿ ಎಂದೊಂದಿತ್ತು. ಯಾವ ಜಾತಿಯವರು ಸತ್ತರೂ ಬಿದಿರು ತರಿಸುವುದು, ಕುಣಿ ತೋಡಿಸುವುದು, ನೆಂಟರ ಊರುಗಳಿಗೆ ಹೇಳಿಕಳಿಸುವುದು ಅದರ ಕೆಲಸ. ಹೇಳಿಬರುವವನು ಲಾಡ್ಲೇಸಾಬ. ಸೈಕಲ್ಲನ್ನು ನೆಂಟರ ಬಾಗಿಲಿಂದ ದೂರ ನಿಲ್ಲಿಸುತ್ತಿದ್ದ. ಹೊಸ್ತಿಲು ದಾಟುತ್ತಿರಲಿಲ್ಲ, ಆ ಮನೆಯ ನೀರು ಮುಟ್ಟುತ್ತಿರಲಿಲ್ಲ. “ಭಾಳ ಆರಾಮಿಲ್ರಿ, ಹೊಂಡ್ರಿ” ಅನ್ನುತ್ತಿದ್ದನೇ ಹೊರತು ಸತ್ತರೆಂಬ ಮಾತು ಅವನ ಬಾಯಿಂದ ಬರುತ್ತಿರಲಿಲ್ಲ. ಬರುವ ಅಗತ್ಯವೂ ಇರಲಿಲ್ಲ. ಸೈಕಲ್ಲು ಕಂಡರೇ ಹೆಂಗಸರು ಎದೆಗೆ ಕೈ ಹಚ್ಚುತ್ತಿದ್ದರು.

ಕಮಿಟಿಗೂ ಒಂದು ಗ್ರೂಪು ಮಾಡಿದವನು ವಿಶ್ವರಾಧ್ಯನೇ. ಯಾರೂ ಸಾಯದ ದಿನಗಳಲ್ಲಿ ಅದು ಸಪ್ಪಗಿರುತ್ತಿತ್ತು. ಹಾಗಾಗಿ ವಿಚಾರಕಟ್ಟೆಯ ಪ್ರಶ್ನೆಯೊಂದನ್ನು ತನ್ನ ಬುದ್ಧಿಗೆ ತಕ್ಕಂತೆ ತಿದ್ದಿ ಇಲ್ಲಿ ಹಾಕಿದ: ‘ಕೃಷ್ಣಾ ಹೊಳೆಯಲ್ಲಿ ಹರಗೋಲು ಮುಳುಗುತ್ತಿದೆ. ಒಳಗಿರುವವರು ನಮ್ಮ ಕಮಿಟಿಯವರೇ. ಒಬ್ಬರನ್ನು ದೂಡಿದರೆ ಉಳಿದವರು ಬದುಕುತ್ತಾರೆ. ಯಾರನ್ನು ದೂಡೋಣ?’ ಕೆಳಗೆ ಎಲ್ಲರ ಹೆಸರು, ಓಟು ಒತ್ತಲು ಜಾಗ.

ಅಧ್ಯಕ್ಷ, ಕಿರಾಣಿ ಅಂಗಡಿಯ ಚನ್ನಯ್ಯ ಮೊದಲು ಒತ್ತಿದ. ಜೊತೆಗೆ ಬರೆದ: ‘ಲಾಡ್ಲೇಸಾಬ. ಈಗ ಎಲ್ಲಾರ ಕೈಯಾಗೂ ಫೋನ್ ಅದಾವ. ಸೈಕಲ್ ತುಳಿಯವ ಯಾಕ ಬೇಕು?’ ನಗುವ ಮುಖಗಳು ಸಾಲುಗಟ್ಟಿದವು. ಉಳಿದವರೂ ಅದನ್ನೇ ಒತ್ತಿದರು. ಅಧ್ಯಕ್ಷನ ಮಾತು ಮೀರುವುದು ಮರ್ಯಾದೆಯಲ್ಲವೆಂದು ಪ್ರಶ್ನೆ ಕೇಳಿದ ಮಹಾ ವಿಚಾರವಾದಿಯೂ ಅಲ್ಲಿಯೇ ಒತ್ತಿದ.

ಲಾಡ್ಲೇಸಾಬನಿಗೆ ಅದನ್ನು ಓದಿ ಹೇಳಿದವಳು ಮಗಳು ಉಮೆಸಲ್ಮಾ. ಕೇಳಿದವನೇ ಸೈಕಲ್ಲನ್ನು ಆಡಿನ ಹಟ್ಟಿಯೊಳಗೆ ನೂಕಿ, ಮೇಲೆ ಗೋಣಿಚೀಲ ಹೊದಿಸಿದನಂತೆ. ಕಮಿಟಿಯಲ್ಲಿ ಯಾರ ಗಮನಕ್ಕೂ ಬರಲಿಲ್ಲ. ಸಾವಿಲ್ಲದಾಗ ಅವನನ್ನು ಯಾರು ಹುಡುಕಬೇಕು?

ಅಷ್ಟರಲ್ಲಿ ಓಣಿಯ ಗೊಲ್ಲಾಳಮ್ಮ ತೀರಿಕೊಂಡಳು. ಅವಳ ಮಗ ಅತ್ತು ಅತ್ತು ಸೊರಗಿದ ದನಿಯಲ್ಲಿ ವಿಶ್ವರಾಧ್ಯನನ್ನು ಕೇಳಿದ: “ದೇವಾಪುರದ ಚಿಗವ್ವಗ ಹೇಳೀರೇನ್ರಿ?”

“ಗ್ರೂಪಿಗೆ ಹಾಕೀನಿ, ಎಲ್ಲಾರಿಗೂ ಮುಟ್ಯಾದ.”

ಚಿಗವ್ವ ಕರೆಮ್ಮ ಸತ್ತವಳ ಒಡಹುಟ್ಟಿದ ತಂಗಿ. ಹೊಲದ ಗುಡಿಸಲಿನಲ್ಲಿ ಇರುವ ಅವಳ ಹತ್ತಿರ ಫೋನಿಲ್ಲವೆಂಬುದು ಕಮಿಟಿಯಲ್ಲಿ ಒಬ್ಬನಿಗೆ ಮಾತ್ರ ಗೊತ್ತಿತ್ತು. ಉಳಿದವರು ‘ಓಂ ಶಾಂತಿ’ ಬರೆಯುವುದರಲ್ಲಿದ್ದರು. ಬಿಸಿಲು ಇಳಿಯುವುದರೊಳಗೆ ಮಣ್ಣು ಮುಗಿಯಿತು.

ಮರುದಿನ ಸಂತೆ. ಕರೆಮ್ಮ ಅಕ್ಕನಿಗೆಂದು ಸಜ್ಜಿರೊಟ್ಟಿಯ ಗಂಟು ಹಿಡಿದು, ಓಣಿಯ ತುದಿಯಿಂದಲೇ “ಅಕ್ಕಾ, ಎದ್ದಿಯೇನ?” ಎಂದು ಕೂಗುತ್ತ ಬಂದಳು. ಕಟ್ಟೆಯ ಮೇಲಿದ್ದವರು ಒಬ್ಬರ ಮಾರಿ ಒಬ್ಬರು ನೋಡಿದರು. ಹೊಸ್ತಿಲಲ್ಲಿ ನಿಂತ ಮೇಲೆ ಅವಳಿಗೆ ತಿಳಿಯಿತು. ಗಂಟು ಕೈಯಲ್ಲೇ ಉಳಿಯಿತು.

“ಮಾರಿ ಸೈತ ತೋರಿಸಲಿಲ್ಲಲ್ರೋ ನನಗ!”

“ಗ್ರೂಪಿನ್ಯಾಗ ಹಾಕಿದ್ವಲ್ಲಬೇ...” ಎಂದ ಚನ್ನಯ್ಯ.

“ಅದೇನೋ ನನಗ ಗೊತ್ತಿಲ್ಲ. ಲಾಡ್ಲೇಸಾಬ ಬಂದಿಲ್ಲ, ಅಂದಮ್ಯಾಲ ಯಾರೂ ಸತ್ತಿಲ್ಲಂತ ಮುಂಜಾನೆ ಕುಂತು ರೊಟ್ಟಿ ಬಡದೀನಿ.”

ಆ ರೊಟ್ಟಿಯ ಗಂಟಿನ ಕಡೆ ನೋಡಲಾಗದೆ ವಿಶ್ವರಾಧ್ಯ ಎದ್ದು ಹಟ್ಟಿಯ ಕಡೆ ನಡೆದ. ತಾನೇ ತಪ್ಪು ಮಾಡಿದ್ದರೂ ಸಿಟ್ಟು ಮಾತ್ರ ಇನ್ನೊಬ್ಬರ ಮೇಲೆ ಬರುವ ವಿದ್ಯೆ ಅವನಿಗೆ ಅಂಗಡಿಯ ಸಾಹುಕಾರನಿಂದ ಹತ್ತಿತ್ತು.

ಲಾಡ್ಲೇಸಾಬ ಆಡಿನ ಕಾಲಿನ ಮುಳ್ಳು ಕೀಳುತ್ತಿದ್ದ.

“ಚಾಚಾ, ಅದು ಬರೇ ಊಹೆ ಇತ್ರಿ. ಖರೇನ ಹರಗೋಲೂ ಇರಲಿಲ್ಲ, ಹೊಳೀನೂ ಇರಲಿಲ್ಲ.”

“ಓಟು?”

ಆಡು ಒದರಿತು. ಮುಳ್ಳು ಬಂತು, ಮುದುಕ ಅದನ್ನು ಬೆಳಕಿಗೆ ಹಿಡಿದು ನೋಡಿ ದೂರ ಎಸೆದ.

“ಗೊಲ್ಲಾಳಮ್ಮ ಹೋಗಿದ್ದು ನಿಮಗ ಗೊತ್ತಿತ್ತಲ್ಲ ಚಾಚಾ. ಕರೆಮ್ಮನ ಹತ್ರ ಫೋನಿಲ್ಲಂತನೂ ಗೊತ್ತಿತ್ತು. ಗೊತ್ತಿದ್ದೂ ಯಾಕ ಹೋಗ್ಲಿಲ್ರಿ?”

ಲಾಡ್ಲೇಸಾಬ ಆಡಿನ ಕಾಲು ಬಿಟ್ಟ.

“ಹರಗೋಲಿನ್ಯಾಗ ಉಳಿದವ್ರು ನೀವು. ನೀವು ಹೋಗಬೇಕಾಗಿತ್ತು.”