ದೋಣಿಯಲ್ಲಿ ಮೂರನೆಯವರು

ಗಾಳಿಯ ಒಂದೇ ಹೊಡೆತಕ್ಕೆ ನಮ್ಮ ಪುಟ್ಟ ಹಾಯಿದೋಣಿ ಮಗುಚಿ, ನಾನೂ ಗೆಳೆಯ ರುದ್ರೇಶನೂ ಸೂಳೆಕೆರೆಯ ನಡುನೀರಿಗೆ ಬಿದ್ದೆವು. ಎಂಬತ್ತರ ದಶಕದ ಒಂದು ಆಷಾಢ. ಚನ್ನಗಿರಿಯ ನಾವು ಕೆಲವರು ಕಟ್ಟಿಕೊಂಡಿದ್ದ ದೋಣಿ ಕ್ಲಬ್ಬಿನ ಪಂದ್ಯ. ಉಳಿದ ದೋಣಿಗಳು ಆಗಲೇ ದೂರ ಹೋಗಿದ್ದವು. ಹಾಯಿಯ ಮೇಲೆ ನೀರು ನಿಂತು, ಎಷ್ಟು ಎಳೆದರೂ ದೋಣಿ ಏಳಲಿಲ್ಲ. ಕೈ ಸೋತವು. ನನಗೆ ನಿಜಕ್ಕೂ ಭಯವಾಯಿತು.

ಅಷ್ಟರಲ್ಲಿ, ಅಲ್ಲೇ ಬಲೆ ಬಿಡುತ್ತಿದ್ದ ನಡುವಯಸ್ಸಿನ ಗಂಗಮ್ಮ ತೆಪ್ಪ ತಿರುಗಿಸಿಕೊಂಡು ಬಂದರು. "ಅಂಜಬ್ಯಾಡ್ರಪ್ಪಾ, ನಾ ಹಾಯಿಕಂಬ ಎತ್ತಿ ಹಿಡಿತೀನಿ, ನೀವು ಆ ಕಡೆ ದೋಣಿ ತಳದಿಂದ ಚಾಚಿರೋ ಹಲಗೆ ಮ್ಯಾಲೆ ಹತ್ತಿ ತುಳೀರಿ" ಎಂದರು. ದೋಣಿ ಎದ್ದಿತು. ತೆಪ್ಪವನ್ನು ಅದರ ಹಿಂದೆ ಕಟ್ಟಿ, ತಾವೇ ಒಳಗೆ ಹತ್ತಿ, ಬುತ್ತಿ ಡಬ್ಬಿಯಿಂದ ನೀರು ಮೊಗೆದು ಚೆಲ್ಲತೊಡಗಿದರು. ಇನ್ನು ದಡಕ್ಕೆ ಹೋಗೋಣವೆಂದರೆ ಒಪ್ಪಲಿಲ್ಲ.

"ಪಂದ್ಯ ಅರ್ಧಕ್ಕೆ ಬಿಡಾಕೆ ಬಂದೀರೇನು? ನಡೀರಿ!"

ದೋಣಿ ವಾಲಿದಾಗೆಲ್ಲ ಎದುರು ಅಂಚಿಗೆ ಸರಿದು ಕೂರುತ್ತಿದ್ದರು. ಹಾಯಿ ಉಬ್ಬಿ ದೋಣಿ ಹಾರಿದಂತೆ ಓಡಿದಾಗ ಜೋರಾಗಿ ನಗುತ್ತಿದ್ದರು.

ಎಲ್ಲರಿಗಿಂತ ಕೊನೆಯಲ್ಲಿ ಗುರಿ ಮುಟ್ಟಿದೆವು. ದೋಣಿಯಲ್ಲಿ ಇಬ್ಬರೇ ಇರಬೇಕೆಂಬುದು ನಿಯಮ, ಹಾಗಾಗಿ ನೀವು ಪಂದ್ಯದಿಂದ ಹೊರಗೆ ಎಂದರು ತೀರ್ಪುಗಾರರು. ಗಂಗಮ್ಮ ಸೆರಗು ಹಿಂಡುತ್ತಾ ಅಂದರು: "ಇಬ್ರೇ ಇದ್ದಿದ್ರೆ ಇವ್ರು ಬರ್ತಾನೇ ಇರ್ಲಿಲ್ಲ ಸ್ವಾಮಿ!" ತೀರ್ಪುಗಾರರೂ ನಕ್ಕುಬಿಟ್ಟರು.

ನಮಗೆ ಬಹುಮಾನವೇನೂ ಸಿಗಲಿಲ್ಲ. ಆದರೆ ಅಂದಿನಿಂದ ಪ್ರತಿ ಪಂದ್ಯದ ಬೆಳಿಗ್ಗೆ, ಗಾಳಿ ಹೇಗಿದೆಯೆಂದು ಕ್ಲಬ್ಬಿನವರೆಲ್ಲ ಮೊದಲು ಹೋಗಿ ಕೇಳುತ್ತಿದ್ದುದು ಗಂಗಮ್ಮನವರನ್ನೇ.