ಕೆರೆಕಟ್ಟೆ ಹತ್ತಿದ ಮೂತಿ ಲಾರಿ

ಹಳೇ ಲಾರಿ, ಹಳೇ ಬಸ್ಸು ಅಂದರೆ ಪ್ರಾಣ ಬಿಡುವ ಎಲ್ಲರಿಗೂ ಕೋಲಾರದ ಒಬ್ಬ ಡ್ರೈವರ್‌ನ ನಮಸ್ಕಾರ. ನಾನು ಸ್ಟೇರಿಂಗ್ ಹಿಡಿದ ಮೇಲೆ ಅಕ್ಷರ ಕಲಿತವನು. ಮೂವತ್ತು ದಾಟಿದ ಮೇಲೆ ಎಸ್ಸೆಸ್ಸೆಲ್ಸಿ ಕಟ್ಟಿ ಪಾಸು ಮಾಡಿದೆ. ಈಗ ಒಂದೇ ಬೆರಳಿನಲ್ಲಿ ಹುಡುಕಿ ಹುಡುಕಿ ಟೈಪ್ ಮಾಡುತ್ತಿದ್ದೇನೆ. ಒತ್ತು, ದೀರ್ಘ ಹೆಚ್ಚುಕಮ್ಮಿ ಆಗಿದ್ದರೆ ದೊಡ್ಡ ಮನಸ್ಸು ಮಾಡಿ ನೀವೇ ಸರಿ ಮಾಡಿಕೊಂಡು ಓದಿ. ಲಾರಿಯ ವಿಷಯದಲ್ಲಿ ಮಾತ್ರ ತಪ್ಪು ಇರುವುದಿಲ್ಲ.

ಎಪ್ಪತ್ತರ ದಶಕ ಮುಗಿಯುವ ಹೊತ್ತಿನ ಮಾತು. ನಮ್ಮ ಸಾವ್ಕಾರರ ಹತ್ತಿರ ಎರಡು ಲಾರಿ ಇದ್ದವು. ಒಂದು ಹೊಸದು, ಡೀಸಲ್ಲು, ಚಪ್ಪಟೆ ಮುಖ. ಇನ್ನೊಂದು ನಾನು ಓಡಿಸುತ್ತಿದ್ದ ಹಳೇ ಪೆಟ್ರೋಲ್ ಗಾಡಿ. ಅದರ ಎಂಜಿನ್ನು ಡ್ರೈವರ್ ಮುಂದೆ ಉದ್ದಕ್ಕೆ ಚಾಚಿಕೊಂಡಿದ್ದರಿಂದ ಎಲ್ಲರೂ ಮೂತಿ ಲಾರಿ ಅನ್ನುತ್ತಿದ್ದರು. ಬಾನೆಟ್ಟನ್ನು ಎರಡೂ ಪಕ್ಕದಿಂದ ಕೋಳಿ ರೆಕ್ಕೆಯ ಹಾಗೆ ಎತ್ತಬೇಕು. ಚಳಿಗಾಲದ ಬೆಳಿಗ್ಗೆ ಮುಂದೆ ನಿಂತು ಹ್ಯಾಂಡಲ್ ಹಾಕಿ ತಿರುಗಿಸಬೇಕು. ಹೆಬ್ಬೆರಳು ಸುತ್ತಿ ಹಿಡಿದರೆ, ಹ್ಯಾಂಡಲ್ ಹಿಂದಕ್ಕೆ ಒದ್ದಾಗ ಬೆರಳಿನ ಆಸೆ ಬಿಡಬೇಕು. ಕ್ಯಾಬಿನ್ ಪೂರಾ ಮರದ್ದು. ಮಳೆ ಬಂದರೆ ಬಾಗಿಲು ಉಬ್ಬಿಕೊಂಡು ತೆಗೆಯುವುದಕ್ಕೇ ಬರುತ್ತಿರಲಿಲ್ಲ, ಕಿಟಕಿಯಿಂದ ಇಳಿಯುತ್ತಿದ್ದೆ. ಆದರೂ ಆ ಗಾಡಿ ನನ್ನ ಮಾತು ಕೇಳುತ್ತಿತ್ತು.

ಸಾವ್ಕಾರರು ಅದನ್ನು ಗುಜರಿಗೆ ಹಾಕಬೇಕು ಅಂತ ತೀರ್ಮಾನ ಮಾಡಿಬಿಟ್ಟಿದ್ದರು. ಎತ್ತರ ಹತ್ತಿದರೆ ರೇಡಿಯೇಟರ್ ಕುದಿಯುತ್ತೆ, ಬಿಡಿಭಾಗ ಸಿಗಲ್ಲ ಅನ್ನುವುದು ಅವರ ವಾದ. ಅದೇ ಹೊತ್ತಿಗೆ ಕಲ್ಲು ಕೆತ್ತುವವರ ಊರು ಶಿವಾರಪಟ್ಟಣದಿಂದ ಒಂದು ಬಾಡಿಗೆ ಬಂತು. ತಾಯಲೂರಿನ ಆಚೆ ಒಂದು ಹಳ್ಳಿಯವರು ಆಂಜನೇಯನ ವಿಗ್ರಹ ಮಾಡಿಸಿದ್ದರು, ಆಳೆತ್ತರದ್ದು, ಒಂದೇ ಕಲ್ಲು. ಹಳ್ಳಿಗೆ ಇದ್ದ ಒಂದೇ ದಾರಿ ಕೆರೆಕಟ್ಟೆ ಮೇಲೆ. ಕಟ್ಟೆಯ ಕೊನೆಯಲ್ಲಿ ಹುಣಸೇಮರದ ಹತ್ತಿರ ಗಕ್ಕನೆ ತಿರುವು. ಹೊಸ ಲಾರಿಯ ಉದ್ದಕ್ಕೆ ಅಲ್ಲಿ ತಿರುಗಲು ಆಗುತ್ತಿರಲಿಲ್ಲ. ಮೂತಿ ಸೇರಿಸಿ ಅಳೆದರೂ ನನ್ನ ಗಾಡಿ ಗಿಡ್ಡ. ಸಾವ್ಕಾರರು ಬೇರೆ ದಾರಿ ಇಲ್ಲದೆ ಒಪ್ಪಿಕೊಂಡರು.

"ಇದೇ ಕೊನೇ ಲೋಡು ಕಣಪ್ಪ. ಇಳಿಸಿ ಬಂದ್ಮೇಲೆ ಗುಜರಿಗೇ."

"ಸಾವ್ಕಾರ್ರೆ, ಒಂದು ಚೂರು ಮುಕ್ಕಾಗ್ದಂಗೆ ತಲುಪಿಸ್ತೀನಿ. ತಲುಪಿಸಿದ್ರೆ ಮಾವಿನ ಸೀಸನ್‌ಗೂ ಇದನ್ನೇ ಓಡಿಸ್ತೀನಿ."

"ಮೊದ್ಲು ತಲುಪ್ಸು. ಆಮೇಲೆ ಮಾತಾಡು," ಅಂದರು. ನನಗೆ ಅಷ್ಟೇ ಸಾಕಾಗಿತ್ತು.

ಮುಕ್ಕಾದ ವಿಗ್ರಹಕ್ಕೆ ಪೂಜೆ ಇಲ್ಲ. ಮೂಗಿನ ತುದಿಯೋ ಬಾಲದ ತುದಿಯೋ ಒಡೆದರೆ ಶಿಲ್ಪಿಯ ತಿಂಗಳುಗಟ್ಟಲೆ ಕೆಲಸ ನೀರಿಗೆ ಬಿದ್ದಂತೆ. ಹಾಗಾಗಿ ಶಿವಾರಪಟ್ಟಣದವರು ಕಲ್ಲನ್ನು ಲಾರಿಗೆ ಏರಿಸುವುದು ಬಾಣಂತಿಯನ್ನು ಗಾಡಿಗೆ ಹತ್ತಿಸುವ ಹಾಗೆ. ಮೊದಲು ಮರಳು, ಅದರ ಮೇಲೆ ಮಂಡಿಯುದ್ದ ರಾಗಿ ಹುಲ್ಲು, ಅದರ ಮೇಲೆ ವಿಗ್ರಹವನ್ನು ಅಂಗಾತ ಮಲಗಿಸಿ, ಮುಖಕ್ಕೆ ಬಟ್ಟೆ ಕಟ್ಟಿ, ಪಕ್ಕಕ್ಕೆಲ್ಲ ಹುಲ್ಲು ಗಿಡಿದು ತುಂಬಿದರು. ವಿಗ್ರಹ ಕೆತ್ತಿದ ಆಚಾರ್ರು ತಾವೇ ಹಿಂದೆ ಹತ್ತಿ ಅದರ ತಲೆಯ ಹತ್ತಿರ ಕೂತರು. ನನ್ನ ಪಕ್ಕ ನಮ್ಮ ಮೇಸ್ತ್ರಿ. ಕೋಲಾರದ ಸಾಬರು, ಆ ಎಂಜಿನ್ನಿನ ಒಂದೊಂದು ನಟ್ಟನ್ನೂ ಬಿಚ್ಚಿ ಕಟ್ಟಿದವರು. ಸಾವ್ಕಾರರು ಮೋಟಾರ್ ಸೈಕಲ್ಲಿನಲ್ಲಿ ಹಿಂದೆ ಬಂದರು. ನಂಬಿಕೆ ಇಲ್ಲದೆ ಬಂದರು ಅಂತಲೇ ನಾನು ತಿಳಿದುಕೊಂಡೆ.

ಕೋಲಾರ ದಾಟಿ ಮುಳಬಾಗಿಲು ಮುಟ್ಟುವವರೆಗೂ ಒಂದು ಗುಂಡಿಗೂ ಚಕ್ರ ಬಿಡಲಿಲ್ಲ. ಮುಳಬಾಗಿಲಿನಲ್ಲಿ ಟೀ ಕುಡಿದು, ರೇಡಿಯೇಟರ್‌ಗೂ ಕುಡಿಸಿ, ಮಧ್ಯಾಹ್ನದ ಹೊತ್ತಿಗೆ ಕೆರೆಯ ಹತ್ತಿರ ಬಂದೆವು.

ಅಲ್ಲಿ ಇಡೀ ಹಳ್ಳಿಯೇ ನಿಂತಿತ್ತು. ತಮಟೆ ಬಡಿಯುತ್ತಿದ್ದರು. ಒಂದೊಂದು ಮನೆಯಿಂದ ಒಬ್ಬೊಬ್ಬ ಹೆಂಗಸು ಬಿಂದಿಗೆಯಲ್ಲಿ ನೀರು ತಂದಿದ್ದಳು. ದೇವರು ಊರಿಗೆ ಬರುವಾಗ ದಾರಿಗೆ ನೀರು ಹಾಕುವುದು ಅವರ ಪದ್ಧತಿ. ತೇರಿಗೆ, ಪಲ್ಲಕ್ಕಿಗೆ ಹಾಕುವ ಹಾಗೆ ಲಾರಿಗೂ ಹಾಕಿದರು. ಕಟ್ಟೆಗೆ ಹತ್ತುವ ಏರು ಪೂರಾ ಜೇಡಿಮಣ್ಣು. ನಾನು ಮೊದಲನೇ ಗೇರಿಗೆ ಹಾಕಿ ಅರ್ಧ ಹತ್ತುವಷ್ಟರಲ್ಲಿ ಮಣ್ಣು ಬೆಣ್ಣೆಯಾಗಿತ್ತು. ಹಿಂದಿನ ಚಕ್ರ ಸುಮ್ಮನೆ ಸುತ್ತಿತು, ಆಮೇಲೆ ಮೆಲ್ಲಗೆ ಕೆರೆಯ ಕಡೆಗೆ ಜಾರಿತು. ಬ್ರೇಕ್ ತುಳಿದು ಹಿಡಿದೆ. ಮೇಸ್ತ್ರಿ ಹಾರಿ ಚಕ್ರದ ಹಿಂದೆ ಮರದ ತುಂಡು ಕೊಟ್ಟರು. ರೇಡಿಯೇಟರಿನಿಂದ ಹೊಗೆಯ ಹಾಗೆ ಹಬೆ ಎದ್ದಿತು.

ಸಾವ್ಕಾರರು ಓಡಿ ಬಂದರು. ಇಲ್ಲೇ ಇಳಿಸಿ ಎತ್ತಿನ ಗಾಡಿಯಲ್ಲಿ ಸಾಗಿಸಿ ಅಂದರು. ಊರ ಯಜಮಾನರು ಕೈ ಅಡ್ಡ ಹಿಡಿದರು. ಹೊರಟ ದೇವರು ನಡುದಾರಿಯಲ್ಲಿ ಇಳಿಯುವ ಹಾಗಿಲ್ಲ, ಇಳಿದರೆ ಇಳಿದ ಕಡೆಯೇ ಗುಡಿ ಕಟ್ಟಬೇಕು ಅಂದರು. ಕೆರೆಯ ಏರಿನಲ್ಲಿ ಗುಡಿ ಯಾರು ಕಟ್ಟುತ್ತಾರೆ? ಹಿಂದಿನಿಂದ ಆಚಾರ್ರ ದನಿ ಮಾತ್ರ ಕೇಳಿಸುತ್ತಿತ್ತು, ಅಲ್ಲಾಡಿಸಬೇಡಿ, ಅಲ್ಲಾಡಿಸಬೇಡಿ ಅಂತ.

ಮೇಸ್ತ್ರಿ ಕಿಟಕಿಯ ಹತ್ತಿರ ಬಂದು ಮೆಲ್ಲಗೆ ಅಂದರು: "ಎಂಜಿನ್ದು ಏನೂ ತಪ್ಪಿಲ್ಲ ಭಾಯಿ. ಭಕ್ತಿ ಸ್ವಲ್ಪ ಜಾಸ್ತಿ ಆಗೋಯ್ತು."

ಅಷ್ಟರಲ್ಲಿ ಒಬ್ಬ ಅಜ್ಜಿ ಇನ್ನೊಂದು ಬಿಂದಿಗೆ ಎತ್ತಿಕೊಂಡು ಚಕ್ರದ ಹತ್ತಿರ ಬಂದಳು. ಬೇಡ ಅಂದೆ. ಅವಳು ಬಿಡಲಿಲ್ಲ.

"ದೇವ್ರ ದಾರಿ ತಣ್ಣಗಿರ್ಬೇಕು ನಾಯನಾ."

ಪದ್ಧತಿ ತಪ್ಪು ಅಂತ ನಾನು ಹೇಳಿದ್ದರೆ ಆವತ್ತು ಕೆಲಸ ಕೆಡುತ್ತಿತ್ತು. ನಾನು ಹೇಳಿದ್ದು ಇಷ್ಟೇ: "ದಾರಿ ತಣ್ಣಗಾಯ್ತಜ್ಜಿ. ಈಗ ದೇವ್ರನ್ನ ಹೊತ್ತಿರೋದು ಬಾಯಾರಿ ಕುದೀತೈತೆ ನೋಡು. ಅದಕ್ಕೆ ಹಾಕು."

ಅಜ್ಜಿ ಮೂತಿಯ ಕಡೆ ನೋಡಿದಳು, ಹಬೆ ನೋಡಿದಳು, ನಕ್ಕುಬಿಟ್ಟಳು. ಎಂಜಿನ್ನು ಸ್ವಲ್ಪ ಆರಿದ ಮೇಲೆ ಮೇಸ್ತ್ರಿ ಬಟ್ಟೆ ಹಿಡಿದು ಮುಚ್ಚಳ ತೆಗೆದರು. ಹೆಂಗಸರು ಸಾಲಾಗಿ ಬಂದು ಉಳಿದ ನೀರನ್ನೆಲ್ಲ ಚೂರು ಚೂರೇ ರೇಡಿಯೇಟರ್‌ಗೆ ಹಾಕಿದರು. ಒಬ್ಬಳು ಅದಕ್ಕೂ ಅರಿಶಿನ ಹಚ್ಚಿದಳು.

ದಾರಿಗೆ ಏನು ಮಾಡುವುದು? ಆ ಕಡೆ ಮನೆ ಮನೆಯಲ್ಲೂ ರೇಷ್ಮೆ ಹುಳ. ಹುಳ ಎಲೆ ತಿಂದ ಮೇಲೆ ಉಳಿದ ಹಿಪ್ಪುನೇರಳೆ ಕಡ್ಡಿ ಒಲೆಗೆಂದು ಹಿತ್ತಿಲಲ್ಲಿ ರಾಶಿ ಬಿದ್ದಿರುತ್ತದೆ. ಕಡ್ಡಿ ತರಿಸಿ ಅಂದೆ. ಹುಡುಗರು ಹೊರೆಗಟ್ಟಲೆ ಹೊತ್ತು ತಂದರು. ಮೇಸ್ತ್ರಿ ಚಾಪೆ ಹಾಸುವ ಹಾಗೆ ಎರಡು ಸಾಲು ಹಾಸಿಸಿದರು. ಹಾಸುತ್ತಾ ಹಾಸುತ್ತಾ, ಇದು ಈ ಲಾರಿಯ ಕೊನೇ ಲೋಡು, ನಾಳೆ ಗುಜರಿಗೆ ಹೋಗುತ್ತೆ ಅಂತ ಊರಿನವರಿಗೆಲ್ಲ ಸಾರಿದರು. ಅವರು ಸುಮ್ಮನೆ ಮಾತಾಡುವವರಲ್ಲ, ಬೇಕೆಂದೇ ಹೇಳಿದ್ದರು.

ತಮಟೆ ನಿಲ್ಲಿಸಿ ಅಂದೆ, ಎಂಜಿನ್ನಿನ ಸದ್ದು ನನ್ನ ಕಿವಿಗೆ ಬೇಕಿತ್ತು. ಮೊದಲನೇ ಗೇರು. ಕ್ಲಚ್ಚನ್ನು ಉಸಿರು ಬಿಟ್ಟಷ್ಟು ಮೆಲ್ಲಗೆ ಬಿಟ್ಟೆ. ಕಡ್ಡಿ ಪಟಪಟ ಮುರಿಯಿತು, ಚಕ್ರ ಕಚ್ಚಿತು. ಏರು ಮುಗಿಯುವ ತನಕ ಎಲ್ಲೂ ನಿಲ್ಲಿಸಲಿಲ್ಲ, ಎಲ್ಲೂ ಜಗ್ಗಲಿಲ್ಲ. ಹುಣಸೇಮರದ ತಿರುವಿನಲ್ಲಿ ಎರಡು ಕೈಯಲ್ಲೂ ಸ್ಟೇರಿಂಗ್ ಜಗ್ಗಿ ತಿರುಗಿಸಿದೆ. ಮೂತಿ ಮರಕ್ಕೆ ಗೇಣು ದೂರದಲ್ಲಿ ದಾಟಿತು.

ಗುಡಿಯ ಮುಂದೆ ಆಚಾರ್ರು ಹುಲ್ಲು ಸರಿಸಿ, ಕಣ್ಣು ಮುಚ್ಚಿಕೊಂಡು, ವಿಗ್ರಹದ ಮೂಗು, ಬೆರಳು, ಗದೆ, ಬಾಲದ ತುದಿಯವರೆಗೂ ಅಂಗೈಯಲ್ಲಿ ಸವರಿ ನೋಡಿದರು. ಎಲ್ಲೂ ಮುಕ್ಕಿಲ್ಲ ಅಂದರು. ಆಗ ತಮಟೆ ಮತ್ತೆ ಶುರುವಾಯಿತು.

ಯಜಮಾನರು ಲಾರಿಯ ಮೂತಿಗೆ ಹೂವಿನ ಹಾರ ಹಾಕಿ, ಕಾಯಿ ಒಡೆದು, ನಮ್ಮ ಸಾವ್ಕಾರರ ಕಡೆ ತಿರುಗಿದರು.

"ನಮ್ ಸ್ವಾಮೀನ ಹೊತ್ತ ಗಾಡಿ ಸಾವ್ಕಾರ್ರೆ. ಸುತ್ತಿಗೇಲಿ ಒಡೆಯಕ್ಕೆ ಕೊಡ್ತೀರಾ?"

ಊರೆಲ್ಲ ಅವರ ಮುಖವನ್ನೇ ನೋಡುತ್ತಿತ್ತು. ಸಾವ್ಕಾರರು ಮೊದಲು ಮೇಸ್ತ್ರಿಯನ್ನು ದುರುಗುಟ್ಟಿ ನೋಡಿದರು, ಆಮೇಲೆ ನನ್ನನ್ನು.

"ಹೊಸ ರೇಡಿಯೇಟರ್ ಹಾಕಿಸ್ಕೊಳ್ರಯ್ಯ. ದಾರೀಲಿ ಬಿಂದಿಗೆ ಹಿಡ್ಕೊಂಡು ಯಾರು ಕಾಯ್ತಾರೆ?"

ಆ ಬೇಸಿಗೆ ಶ್ರೀನಿವಾಸಪುರದ ಮಾವಿನಕಾಯಿಯನ್ನು ಅದರಲ್ಲೇ ಹೇರಿದೆ. ಮಾಲೂರಿನ ಹೆಂಚೂ ಹೇರಿದೆ. ಎಂಬತ್ತರ ದಶಕ ಅರ್ಧ ಮುಗಿಯುವವರೆಗೂ ಶಿವಾರಪಟ್ಟಣದ ಎಷ್ಟೋ ದೇವರುಗಳು ನನ್ನ ಬೆನ್ನ ಹಿಂದೆ ಮಲಗಿ ಊರು ಸೇರಿವೆ. ಒಂದೂ ಮುಕ್ಕಾಗಲಿಲ್ಲ. ಆವತ್ತಿನಿಂದ ಲಾರಿಯ ಹಿಂದೆ ಒಂದು ಹೊರೆ ಹಿಪ್ಪುನೇರಳೆ ಕಡ್ಡಿ ಮಾತ್ರ ಯಾವಾಗಲೂ ಇರುತ್ತಿತ್ತು.

ನಿಮ್ಮಲ್ಲಿ ಯಾರಾದರೂ ಇಂಥ ಮೂತಿ ಲಾರಿ ಓಡಿಸಿದ್ದೀರಾ, ಅದರಲ್ಲಿ ಕೂತು ಬಂದಿದ್ದೀರಾ, ಅಥವಾ ಅದರ ಮುಂದೆ ಬಿಂದಿಗೆ ನೀರು ಹಾಕಿದ ಮನೆಯವರಾ? ನಿಮ್ಮ ಅನುಭವ ಬರೆಯಿರಿ. ನಿಧಾನವಾಗಿಯಾದರೂ ಸರಿ, ಒಂದೊಂದಕ್ಕೂ ನಾನು ಉತ್ತರ ಟೈಪ್ ಮಾಡುತ್ತೇನೆ.